ಅತ್ತಿಗೆಯ ಸರ್ವರ್‌ನಲ್ಲಿ ಕಾಣೆಯಾದ ಕಮಾಂಡ್

ನಮ್ಮ ಅತ್ತಿಗೆ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎಣ್ಣೆಯ ವಾಸನೆ, ಬಿಚ್ಚಿಟ್ಟ ಚಕ್ರಗಳು, ಕಿಟಕಿ ಪಕ್ಕ ಒಂದು ಸ್ಟೂಲು. ಗಿರಾಕಿ ಎಷ್ಟೇ ಅವಸರ ಮಾಡಲಿ, ಅವರ ಕೈ ತನ್ನ ಲಯ ಬಿಡುವುದಿಲ್ಲ.

ಅಣ್ಣನ ಫೋನು ನೀರಿನ ಬಕೆಟ್ಟಿಗೆ ಬಿದ್ದು, ಮಗಳ ಮೊದಲ ಹೆಜ್ಜೆಯ ಫೋಟೊಗಳೆಲ್ಲ ಹೋದವು. ಅವನಿಗೆ ಊಟ ಸೇರಲಿಲ್ಲ. ಅತ್ತಿಗೆ ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರ್ ಇಳಿಸಿ, ಧೂಳು ಕೊಡವಿ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದರು. ಇನ್ನು ಮೇಲೆ ಎಲ್ಲರ ಫೋಟೊಗಳ ಒಂದೊಂದು ಪ್ರತಿ ಅದರಲ್ಲೂ ಇರಬೇಕು ಅನ್ನೋದು ಅವರ ಆಸೆ. ಚಿತ್ರಗಿತ್ರ ಏನೂ ಇಲ್ಲದ ಕಪ್ಪು ಪರದೆ. ಟೈಪ್ ಮಾಡಿಯೇ ಕೆಲಸ ತೆಗೆಯಬೇಕು.

ಫೋನುಗಳು ಆ ಕಂಪ್ಯೂಟರನ್ನು ಹುಡುಕಿಕೊಳ್ಳಲು ಅದರ ನೆಟ್‌ವರ್ಕ್ ವಿಳಾಸ ಬೇಕಿತ್ತು. ಅದನ್ನು ತೋರಿಸುವ ಕಮಾಂಡ್ 'ಐಎಫ್‌ಕಾನ್ಫಿಗ್' ಅಂತ ಎಲ್ಲೋ ಓದಿ ಟೈಪ್ ಮಾಡಿದರೆ, ಅಂಥ ಕಮಾಂಡೇ ಸಿಗಲಿಲ್ಲ ಎಂಬ ಉತ್ತರ ಬಂತು.

"ಕೆಟ್ಟಿದೆ ಕಣೇ, ಬಿಡು," ಅಂದ ಅಣ್ಣ.

"ಕೆಟ್ಟಿಲ್ಲ ರೀ. ಸ್ಕ್ರೂಡ್ರೈವರ್ ಕಾಣ್ತಿಲ್ಲ ಅಂದ್ರೆ ಮಷೀನೇ ಹಾಳಾಯ್ತು ಅಂತೀವಾ?"

ಅದೇ ಹೆಸರಲ್ಲಿ ಇನ್‌ಸ್ಟಾಲ್ ಮಾಡಲು ಹೋದರು. ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಪ್ಯಾಕೇಜುಗಳಾಗಿ, ಅಂದರೆ ಕಟ್ಟುಗಳಾಗಿ ಬರುತ್ತದೆ; ಆ ಹೆಸರಿನ ಪ್ಯಾಕೇಜೇ ಇರಲಿಲ್ಲ. ಫೋನಿನಲ್ಲಿ ಹುಡುಕಾಡಿದ ಮೇಲೆ ಗೊತ್ತಾಯಿತು, ಅದು 'ನೆಟ್-ಟೂಲ್ಸ್' ಎಂಬ ಬೇರೆ ಪ್ಯಾಕೇಜಿನೊಳಗಿದೆ ಅಂತ. "ಬಿಸ್ಕತ್ ಡಬ್ಬೀಲಿ ಸೂಜಿ ದಾರ ಇಟ್ಟ ಹಾಗೆ," ಅಂತ ನಗುತ್ತಾ ಅದನ್ನು ಹಾಕಿ, ಮತ್ತೆ ಟೈಪ್ ಮಾಡಿದರು. ಮತ್ತದೇ ಉತ್ತರ.

ನಾನಾಗಿದ್ದರೆ ಪ್ಲಗ್ ಕಿತ್ತು ಎದ್ದುಬಿಡುತ್ತಿದ್ದೆ. ಅತ್ತಿಗೆ ಮುಖ ತೊಳೆದು ಬಂದು ಕೂತರು. "ಬಂದಿರೋದಂತೂ ಬಂದಿದೆ. ಎಲ್ಲೋ ಅವಿತುಕೊಂಡಿದೆ," ಅಂತ ಗೊಣಗುತ್ತಾ, 'ವೇರ್‌ಈಸ್' ಎಂಬ ಇನ್ನೊಂದು ಕಮಾಂಡಿಗೆ ಅದರ ಹೆಸರು ಕೊಟ್ಟರು. ಜಾಗ ಸಿಕ್ಕಿತು. ಅಡ್ಮಿನ್ ಬಳಸುವ ಸಾಧನಗಳಿಗೆಂದೇ ಇರುವ ಫೋಲ್ಡರಿನಲ್ಲಿತ್ತು ಅದು. ಸಾಮಾನ್ಯ ಬಳಕೆದಾರರು ಬರೀ ಹೆಸರು ಹೇಳಿದರೆ ಕಂಪ್ಯೂಟರ್ ಆ ಕಡೆ ಇಣುಕುವುದೂ ಇಲ್ಲ. ಹೆಸರಿಗೆ ಮೊದಲು 'ಸುಡೊ' ಸೇರಿಸಿ, ಅಂದರೆ ಅಡ್ಮಿನ್ ಅಧಿಕಾರದಿಂದ, ಇನ್ನೊಮ್ಮೆ ಕರೆದರು. ವಿಳಾಸ ಬಂತು.

"ಯಜಮಾನಿ ಕರೆದ್ರೆ ಮಾತ್ರ ಓಗೊಡುತ್ತೆ," ಅಂದ ಅಣ್ಣ.

"ನಿಮ್ಮ ಹಾಗೇ," ಅಂದರು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ.

ಸಂಜೆಯೊಳಗೆ ಅಮ್ಮನ ಫೋನಿಂದ, ನನ್ನ ಫೋನಿಂದ ಫೋಟೊಗಳು ಬಂದು ಸೇರತೊಡಗಿದವು. ಹೋದವು ಮಾತ್ರ ಹೋದವೇ. ಅಣ್ಣ ಹೊಸ ಫೋನಿನಲ್ಲಿ ಮಗಳ ಫೋಟೊ ತೆಗೆದು, ಕಳಿಸೋದು ಹೇಗೆ ಅಂತ ಕೇಳಿದ. ಅತ್ತಿಗೆ ಫೋನು ಇಸಕೊಳ್ಳಲಿಲ್ಲ. ಪಕ್ಕದಲ್ಲೇ ಕೂತು, ಅವನು ತಪ್ಪಿದಾಗೆಲ್ಲ ತಾಳ್ಮೆಯಿಂದ ಕಾದು, ಅವನ ಕೈಯಲ್ಲೇ ಮಾಡಿಸಿದರು.