ಮಸ್ಕತ್‌ನಿಂದ ಕಮಲಾಪುರಕ್ಕೆ, ಪಾಸ್‌ಪೋರ್ಟ್ ಇಲ್ಲದೆ

ಮಸ್ಕತ್‌ಗೆ ಹೊರಡುವ ಮುನ್ನ ನಾನು ಹೆದರಿದ್ದು ಇವಕ್ಕೆ: ವಿಮಾನ ಸಮುದ್ರದಲ್ಲಿ ಬೀಳಬಹುದು, ಬೀಳದಿದ್ದರೆ ಹೊಟ್ಟೆ ಕೆಡಬಹುದು, ಮುಂಬಯಿಯಲ್ಲಿ ಜೇಬು ಕತ್ತರಿಸಬಹುದು, ಕಸ್ಟಮ್ಸಿನವರು ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯನ್ನು ಮಾದಕ ಪುಡಿ ಎಂದುಕೊಳ್ಳಬಹುದು, ಪಾಸ್‌ಪೋರ್ಟ್ ಕಳೆದು ಪರದೇಶಿಯಾಗಿ ತಿರುಗಬೇಕಾಗಬಹುದು. ಕಲಬುರಗಿ ಪಕ್ಕದ ನಂದೂರಿನ ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವ, ಐವತ್ತು ದಾಟಿದ ಗುಮಾಸ್ತ ನಾನು. ಹೆದರುವುದು ನನ್ನ ಎರಡನೆಯ ನೌಕರಿ. ಅದಕ್ಕೆ ರವಿವಾರದ ರಜೆಯೂ ಇಲ್ಲ.

ಮಗಳ ಬಾಣಂತನಕ್ಕೆ ಹೆಂಡತಿಯನ್ನು ಬಿಟ್ಟುಬರುವುದಷ್ಟೇ ಕೆಲಸ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಕಮಲಾಪುರದ ಅಕ್ಕ. ಏದುಸಿರಿನಲ್ಲೇ ಒಂದು ಡಬ್ಬಿ ತುಂಬ ಖಡಕ್ ರೊಟ್ಟಿ ಬಡಿದು ಕೊಟ್ಟಿದ್ದಳು. ಮಗಳ ಮನೆ ಮುಟ್ಟಿದ ಮೇಲೆ ಪಾಸ್‌ಪೋರ್ಟನ್ನು ಆ ಡಬ್ಬಿಯ ತಳಕ್ಕೆ, ಹಾಸಿದ್ದ ಪೇಪರಿನ ಕೆಳಗೆ ಇಟ್ಟೆ. ಜೋಳದ ರೊಟ್ಟಿ ಕದಿಯುವ ಕಳ್ಳ ಅರಬಸ್ತಾನದಲ್ಲಿ ಇರಲಾರ ಎಂಬುದು ನನ್ನ ಲೆಕ್ಕ.

ಕಳ್ಳ ಬರಲಿಲ್ಲ. ಭಾವನ ಫೋನ್ ಬಂತು. “ನಿಮ್ಮಕ್ಕಂದು ಉಸಿರು ನಿಂತು ನಿಂತು ಬರಾಕತ್ತದ. ನಿನ್ನನ್ನೇ ಕೇಳ್ತಾಳ. ಲಗೂನ ಬಾ.”

ಡಬ್ಬಿಗೆ ಓಡಿದೆ. ತೊಳೆದು ಬೋರಲು ಹಾಕಿತ್ತು.

“ರೊಟ್ಟಿ ಲೇಬರ್ ಕ್ಯಾಂಪಿಗೆ ಕೊಟ್ಟುಬಂದೆ, ಮಾಮಾ,” ಎಂದ ಅಳಿಯ. “ನಮ್ಮ ಆಳಂದದ ಕಡೀ ಹುಡುಗರು. ರೊಟ್ಟಿ ನೋಡಿ ಕಣ್ಣಾಗ ನೀರು ತಂದ್ರು.”

“ತಳದಾಗಿನ ಪೇಪರ್?”

“ಅದನ್ನ ಯಾರು ಇಟ್ಕೋತಾರ್ರೀ? ಪುಡಿ ಸಮೇತ ಕಸಕ್ಕ ಹೋತು.”

ಕಸದ ಲಾರಿಯೂ ಹೋಗಿತ್ತು.

ಮರುದಿನ ಪೊಲೀಸ್ ಠಾಣೆ. ಎಲ್ಲಿಟ್ಟಿದ್ದೆ ಎಂದು ಅಧಿಕಾರಿ ಕೇಳಿದ್ದಕ್ಕೆ ಅಳಿಯ ಅರಬ್ಬಿಯಲ್ಲಿ ಏನೋ ಹೇಳಿದ; ಒಳಕೋಣೆಯವರೂ ಎದ್ದು ಬಂದು ನನ್ನನ್ನು ನೋಡಿ ಹೋದರು. ಅಲ್ಲಿಂದ ನಮ್ಮ ರಾಯಭಾರ ಕಚೇರಿ. ಒಂದೇ ಸಲ ಊರು ಮುಟ್ಟಲು ಕೊಡುವ ತುರ್ತು ಪತ್ರಕ್ಕೆ ಫೋಟೊ, ದೂರಿನ ಪ್ರತಿ, ಫೀಸು ಎಲ್ಲ ಕೊಟ್ಟೆ. ಗಾಜಿನ ಆಚೆ ಕೂತವನು ತಲೆ ಎತ್ತದೆ, “ನೀವು ನೀವೇ ಅಂತ ಊರಿಂದ ಉತ್ತರ ಬರಬೇಕು,” ಎಂದ ಹಿಂದಿಯಲ್ಲಿ.

“ನಮ್ಮಕ್ಕ ಸಾಯಾಕತ್ತಾಳ್ರೀ,” ಎಂದೆ, ಹಿಂದಿ ಮರೆತು. ಅಳಿಯ ಅದನ್ನು ಹಿಂದಿಗೆ ತಂದ.

“ಇಲ್ಲಿ ಎಲ್ಲರದೂ ಅರ್ಜೆಂಟೇ.”

ಪಾಸ್‌ಪೋರ್ಟಿನಲ್ಲಿ ಕಾಯಂ ವಿಳಾಸವೆಂದು ನಾನು ಬರೆಸಿದ್ದು ಕಮಲಾಪುರದ ಅಕ್ಕನ ಮನೆ. ಕಲಬುರಗಿಯಲ್ಲಿ ಬಾಡಿಗೆ ಮನೆ ಬದಲಿಸುತ್ತಿದ್ದರೆ ಸರಕಾರಿ ಕಾಗದ ಕೈತಪ್ಪೀತು ಎಂಬ ಮುನ್ನೆಚ್ಚರಿಕೆ, ಅದೂ ನನ್ನದೇ.

ವಾರ ಕಳೆದು ಉತ್ತರ ಬಂತು. ನಾನು ನಾನೇ ಆಗಿದ್ದೆ. ಆ ಪತ್ರವನ್ನು ವಿಮಾನದಲ್ಲಿ ಅಂಗಿಯೊಳಗೆ, ಮೈಗೆ ಒತ್ತಿಕೊಂಡೇ ತಂದೆ. ಮುಂಬಯಿಯಲ್ಲಿ ಇಳಿದೊಡನೆ ಅಧಿಕಾರಿ ಅದನ್ನು ತೆಗೆದುಕೊಂಡ. ಅದರ ಕೆಲಸ ಮುಗಿಯಿತಂತೆ. ರೈಲಿನಲ್ಲಿ ಸೀಟಿಲ್ಲದೆ ಬಾಗಿಲ ಬಳಿ ಕೂತು ಕಲಬುರಗಿ ಮುಟ್ಟಿದಾಗ ಬಿಸಿಲು ಆಗಲೇ ಸುಡುತ್ತಿತ್ತು. ಬಸ್ಸಿಗೆ ಕಾಯಲಾರದೆ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಕಡೆಯ ಜೀಪು ಹತ್ತಿದೆ.

“ಜಲ್ದಿ ಬಿಡಪ್ಪಾ.”

“ಇನ್ನೊಂದು ಸವಾರಿ ಬರ್ಲಿ, ಕಾಕಾ. ಅಷ್ಟು ಜಲ್ದಿ ಇದ್ರ ನಿನ್ನೇನೇ ಬರಬೇಕಿತ್ತು,” ಎಂದ ಡ್ರೈವರ್.

ಕಮಲಾಪುರದಲ್ಲಿ ಭಾವ ಬಾಗಿಲಲ್ಲೇ ನಿಂತಿದ್ದರು. “ಜೀವ ಅದ,” ಎಂದರು. “ಖರೆ, ಮೊನ್ನೆ ನಿನ್ನ ಬಗ್ಗೆ ವಿಚಾರಿಸಾಕ ಪೊಲೀಸ ಬಂದಿದ್ದ. ನಾ ಔಷಧ ತರಾಕ ಹೋಗಿದ್ದೆ. ಹಾಸಿಗಿ ಮುಂದ ನಿಂತು, ‘ಇಂವ ನಿಮ್ಮವನೇನು? ಇವನ ಮ್ಯಾಲ ಕೇಸು ಏನರೆ ಅದಾವೇನು?’ ಅಂತ ಆಕೀನ್ನ ಕೇಳ್ಯಾನ. ಎಷ್ಟು ತಿಳಿಸಿ ಹೇಳಿದ್ರೂ ಕೇಳವಲ್ಲಳು.”

ಅಕ್ಕ ಕಣ್ಣು ತೆರೆದಳು. ನನ್ನ ಕೈ ಎಳೆದುಕೊಂಡು ಮಣಿಕಟ್ಟನ್ನು ಹೊರಳಿಸಿ ಹೊರಳಿಸಿ ನೋಡಿದಳು.

“ಬಿಟ್ರೇನು, ತಮ್ಮಾ?”

ಡಬ್ಬಿ, ಪೇಪರು, ಕಸದ ಲಾರಿ, ಎಲ್ಲ ಹೇಳಿದೆ. ತೋರಿಸಲು ಒಂದು ಕಾಗದವೂ ಕೈಯಲ್ಲಿರಲಿಲ್ಲ. ಅವಳು ಸಮಾಧಾನದಿಂದ ಕೇಳಿಸಿಕೊಂಡಳು.

“ರೊಟ್ಟಿ ಡಬ್ಬ್ಯಾಗ ಯಾರರೆ ಪಾಸ್‌ಪೋರ್ಟ್ ಇಡ್ತಾರೇನೋ, ಹುಚ್ಚಾ? ಇರ್ಲಿ. ನನ್ನ ಮುಂದ ಸುಳ್ಳು ಹೇಳಬ್ಯಾಡ. ಭಾಳ ಹೊಡೆದ್ರೇನು?”

ಅವಳಿಗೆ ಉಸಿರು ಏರುತ್ತಿತ್ತು. “ಇಲ್ಲಕ್ಕಾ. ಛಲೋ ನೋಡ್ಕೊಂಡ್ರು,” ಎಂದೆ.

ವಿಮಾನ ಬೀಳಲಿಲ್ಲ. ಹೊಟ್ಟೆ ಕೆಡಲಿಲ್ಲ. ಜೇಬು ನೆಟ್ಟಗಿತ್ತು. ಅಕ್ಕ ಇರುವಾಗಲೇ ಬಂದು ಮುಟ್ಟಿದ್ದೆ. ಮರುದಿನ ಅವಳು ಕಣ್ಣು ಮುಚ್ಚುವವರೆಗೂ ನಾನು ಜೈಲಿನಿಂದ ಬಿಡಿಸಿಕೊಂಡು ಬಂದ ತಮ್ಮನಾಗಿಯೇ ಉಳಿದೆ, ಅಷ್ಟೇ.