ಗಂಗಿಬಾಯಿ ಉಣ್ಣುವ ಹೊತ್ತು

ಮುಂಡಗೋಡದಲ್ಲಿ ನರ್ಸ್ ಆಗಿದ್ದ ಅಷ್ಟೂ ವರ್ಷಗಳಲ್ಲಿ ಗಂಗಿಬಾಯಿಯಂಥ ಹಟಮಾರಿ ಹೆಂಗಸನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಬಾಯಿ ಮಾಡುವುದರಲ್ಲಿ ನಾನೇನು ಕಡಿಮೆಯಲ್ಲ. ನಾನು ಸಿಟ್ಟಾದರೆ ಡಾಕ್ಟರೂ ದನಿ ತಗ್ಗಿಸುತ್ತಿದ್ದರು. ಆದರೆ ಅತ್ತಿವೇರಿ ಕಡೆಯ ಲಂಬಾಣಿ ತಾಂಡಾದ ಈ ಮುದುಕಿ ತೋಳತುಂಬ ಬಳೆ ಕುಣಿಸುತ್ತ, ನಾನು ಬೈದಷ್ಟೂ ನಗುತ್ತಿದ್ದಳು. "ಮಹೆಜಬೀನ ಅಕ್ಕಾರ, ಬೈದು ಬೈದು ಗಂಟಲಾ ಒಣಗಿರಬೇಕು, ಚಾ ಕುಡೀರಿ," ಎನ್ನುತ್ತಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆ ತಪ್ಪಿಸಿದವಳಲ್ಲ; ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದಳು. ಆದರೂ 2002ರ ಮಳೆಗಾಲದಲ್ಲಿ ಎರಡು ಸಲ ಬೆವತು, ನಡುಗಿ, ಎಚ್ಚರ ತಪ್ಪಿ ಬಿದ್ದಳು. ಎರಡು ಸಲವೂ ನಮ್ಮ ದವಾಖಾನೆ ಬಾಗಿಲು ಹಾಕಿದ ಹೊತ್ತು. ಜೀಪು ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದು, ಗ್ಲೂಕೋಸ್ ಏರಿಸಿ ಉಳಿಸಿಕೊಂಡದ್ದಾಯಿತು. "ಇನ್ನೊಮ್ಮೆ ಹಿಂಗಾದ್ರ ಹುಬ್ಬಳ್ಳಿ ಮುಟ್ಟೂ ತನಕಾ ಜೀವ ಇರೂದಿಲ್ಲ," ಎಂದರು ನಮ್ಮ ಡಾಕ್ಟರ್ ಶಿವಲಿಂಗಪ್ಪ.

ನಮ್ಮದು ಸಣ್ಣ ಧರ್ಮಾರ್ಥ ದವಾಖಾನೆ. ಸಕ್ಕರೆಯವರು ಬರುವ ಮಂಗಳವಾರ ಡಾಕ್ಟರು, ನಾನು, ಕಂಪೌಂಡರ್ ಮಹಾಂತಪ್ಪ ಒಂದೇ ಬೆಂಚಿನ ಮೇಲೆ ಕೂತು ಒಬ್ಬೊಬ್ಬರ ವಿಷಯ ಮಾತಾಡುತ್ತಿದ್ದೆವು. ದವಾಖಾನೆ ನಡೆಸುವ ಟ್ರಸ್ಟಿನ ಹಿರಿಯರ ಕಣ್ಣಿಗೆ ಇದು ದುಂದು. "ಒಬ್ಬ ಮುದುಕಿಗೆ ಮೂರು ಮಂದಿ ಯಾಕ್ರೀ?" ಎಂದು ಕೇಳಿದ್ದರು.

"ಆಕಿನ್ನ ಎರಡು ಸಲ ಹುಬ್ಬಳ್ಳಿಗೆ ಒಯ್ದ ಖರ್ಚಿನ್ಯಾಗ ನಮ್ಮ ಅಕ್ಕಾರು ವರ್ಷಗಟ್ಟಲೆ ಬಸ್ಸಿನ್ಯಾಗ ಅಡ್ಡಾಡಬಹುದ್ರಿ," ಎಂದ ಡಾಕ್ಟರು ನನ್ನನ್ನು ತಾಂಡಾಕ್ಕೆ ಅಟ್ಟಿದರು.

ಸಂಜೆ ಹೋಗಿ ನೋಡಿದರೆ, ಗುಳಿಗೆ ನುಂಗಿ ಬಾಗಿಲಲ್ಲಿ ಕೂತಿದ್ದಾಳೆ. ರೊಟ್ಟಿ ಬುಟ್ಟಿಯಲ್ಲಿ ಹಾಗೇ ಇದೆ. ಗಂಡ ಭೀಮಸಿಂಗ್ ಗೋವಿನಜೋಳದ ಹೊಲಕ್ಕೆ ಕಾಡುಹಂದಿ ನುಗ್ಗದಂತೆ ಕಾಯಲು ಹೋದವನು, ಬಂದು ಉಣ್ಣುವುದು ತೀರ ತಡವಾಗಿ. ಅವನು ಉಣ್ಣದೆ ಇವಳು ಉಣ್ಣುವುದಿಲ್ಲ!

"ಗುಳಿಗಿ ನುಂಗಿ ಹೊಟ್ಟಿ ಖಾಲಿ ಇಟ್ರ ಮೈಯಾಗಿನ ಸಕ್ಕರಿ ಪೂರಾ ಇಳದು ಸಾಯ್ತಿ ಯವ್ವಾ ನೀ!" ಎಂದು ಕೂಗಾಡಿದೆ.

"ಅಂವಾ ಹಸದಿರ್ತಾನ. ನನ್ನ ಗಂಟಲದಾಗ ಹೆಂಗ ಇಳೀತೈತ್ರಿ?" ಎಂದಳು.

ಮುಂದಿನ ಮಂಗಳವಾರ ಗಂಗಿಬಾಯಿಯ ಜೊತೆ ಭೀಮಸಿಂಗನನ್ನೂ ನಮ್ಮ ಬೆಂಚಿನ ಮೇಲೆ ಕೂರಿಸಿದೆವು. ಅವನು ಹೊಲದಿಂದ ಬಂದ ಮೇಲೇ ಅವಳು ಗುಳಿಗೆ ನುಂಗಲಿ ಎಂದರು ಮಹಾಂತಪ್ಪ. ಅಷ್ಟು ಹೊತ್ತು ಉಪವಾಸ ಕೂರುವುದೇ ಬೇಡ ಎಂದರು ಡಾಕ್ಟರು. ತಲೆ ತಗ್ಗಿಸಿ ಕೇಳುತ್ತಿದ್ದ ಭೀಮಸಿಂಗ್, "ಹೊಲಕ್ಕ ಹೋಗೂ ಮುಂದ ನಾ ಒಂದು ತುತ್ತು ಉಂಡ ಹೋಗ್ತೇನ್ರಿ. ಆಮ್ಯಾಲ ಆಕಿ ಏನಂತಾಳ ನೋಡೂಣು," ಎಂದ. ಗಂಗಿಬಾಯಿ ನಾಚಿಕೊಂಡು ಸೆರಗನ್ನು ಬಾಯಿಗೆ ಹಿಡಿದಳು.

ಅಂದಿನಿಂದ ದಿನಾ ಸಂಜೆ ಅವನು ರೊಟ್ಟಿ ಮುರಿದು ಒಂದು ತುತ್ತು ತಿಂದು, "ನಾ ಉಂಡೆ, ಇನ್ನ ನೀ ಉಣ್ಣು," ಎಂದೇ ಹೊಲದ ದಾರಿ ಹಿಡಿಯುತ್ತಿದ್ದ. ಅವಳು ಮತ್ತೆ ಬೀಳಲಿಲ್ಲ. ಹುಬ್ಬಳ್ಳಿ ಜೀಪಿನ ಮಾತೇ ಬರಲಿಲ್ಲ. ಟ್ರಸ್ಟಿನ ಹಿರಿಯರೂ ತೆಪ್ಪಗಾದರು.

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಭೀಮಸಿಂಗ್ ಎದೆನೋವಿನಿಂದ ತೀರಿಕೊಂಡ. ಗಂಗಿಬಾಯಿ ಗುಳಿಗೆಯನ್ನೂ ಬಿಟ್ಟಳು, ಸಂಜೆಯ ಊಟವನ್ನೂ ಬಿಟ್ಟಳು. ಸೊಸೆ ತುಳಜಾ ಅತ್ತೂ ಕರೆದೂ ಸೋತು ನನಗೆ ಹೇಳಿ ಕಳಿಸಿದಳು. ಹೋದೆ. ಅವಳ ತೋಳಲ್ಲಿ ಒಂದೂ ಬಳೆಯಿರಲಿಲ್ಲ. ಈ ಸಲ ನಾನು ಬೈಯಲಿಲ್ಲ. ಅವಳ ಪಕ್ಕ ಕೂತು, ಬುಟ್ಟಿಯಿಂದ ರೊಟ್ಟಿ ತೆಗೆದು, ಮುರಿದು ಒಂದು ತುತ್ತು ತಿಂದೆ.

"ಯವ್ವಾ, ನಾ ಉಂಡೆ," ಎಂದೆ. "ಇನ್ನ ನೀ ಉಣ್ಣು."

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣೀರು ದಳದಳ ಇಳಿಯಿತು.

"ಬರೀ ರೊಟ್ಟಿ ಯಾರರ ತಿಂತಾರೇನ್ರಿ ಅಕ್ಕಾರ? ಪಲ್ಯಾ ಹಚ್ಕೊಂಡು ಉಣ್ರಿ," ಎಂದು ಅಳುತ್ತಲೇ ನನಗೆ ಬಡಿಸಿ, ತಾನೂ ಒಂದು ರೊಟ್ಟಿ ಮುರಿದಳು.