ಅವ್ವ ಆಟದಲ್ಲಿ ಸಾಲು ಹಿಡಿದಳು

ಪರೀಕ್ಷೆ ಮುಗಿಯುವವರೆಗೆ ಬಚ್ಚಿಡು ಎಂದು ಮಗಳು ತನ್ನ ವಿಡಿಯೊ ಗೇಮಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು. ಅದು ಬೀರುವಿನಲ್ಲಿ ಇದ್ದದ್ದು ಎರಡೇ ದಿನ. ಭಾನುವಾರ ಅವಳು ಓದಲು ಗೆಳತಿಯ ಮನೆಗೆ ಹೋದ ಮೇಲೆ ನಾನೇ ಟಿವಿಗೆ ಜೋಡಿಸಿಕೊಂಡು ಕೂತೆ. ಹಾವೇರಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಹುಡುಗರ ಮೊಬೈಲು ಕಸಿದುಕೊಂಡವಳು ನಾನು. ಈ ಸುದ್ದಿ ಅಲ್ಲಿಗೆ ಮುಟ್ಟದಿದ್ದರೆ ಸಾಕು.

ಗುಂಡು ಹಾರಿಸುವ ಆಟಗಳು ನನಗೆ ತಲೆನೋವು. ಹಿಡಿಸಿದ್ದು ಒಂದೇ. ಅದರಲ್ಲಿ ಒಬ್ಬ ಹೆಂಗಸು ಬೆಟ್ಟಗಳ ನಡುವಿನ ಕಣಿವೆಗೆ ಬರುತ್ತಾಳೆ. ಅಲ್ಲಿ ಜೇನು ಸಾಕಿಕೊಂಡಿದ್ದ ಅವಳ ಸೋದರತ್ತೆ ಒಂದು ದಿನ ಎಲ್ಲ ಬಿಟ್ಟು ಯಾಕೆ ಹೊರಟುಹೋದಳು ಎಂದು ತಿಳಿಯಬೇಕು. ಅಷ್ಟೇ ಆಟ. ಕೊಲ್ಲುವುದಿಲ್ಲ, ಗೆಲ್ಲುವುದಿಲ್ಲ, ಗಡಿಯಾರ ಬೆನ್ನಿಗೆ ಬೀಳುವುದಿಲ್ಲ. ಹುಲ್ಲಿನಲ್ಲಿ ನಡೆಯುವುದು, ಹಳ್ಳ ದಾಟುವುದು, ಪಾಳು ಗುಡಿಸಲಿನಲ್ಲಿ ಸಿಕ್ಕ ಚೀಟಿ ಓದುವುದು. ನೀವು ನಡೆದಷ್ಟೇ ಕಥೆ. ಮರದ ಕೆಳಗೆ ಸುಮ್ಮನೆ ನಿಂತರೂ ಗಾಳಿ ಬೀಸುತ್ತದೆ, ಹಕ್ಕಿ ಕೂಗುತ್ತದೆ, ಯಾರೂ ಬೈಯುವುದಿಲ್ಲ.

ಯಾರೂ ಬೈಯುವುದಿಲ್ಲ ಎನ್ನುವುದೇ ನನಗೆ ದೊಡ್ಡದು. ನನ್ನ ಬಾಲ್ಯದ ಹೊಲದಲ್ಲಿ ತಲೆ ಎತ್ತಿದರೆ ಬೈಗುಳ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಕಡೆಯ ನಮ್ಮೂರಿನಲ್ಲಿ ಅವ್ವ ಹತ್ತಿಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ರಜೆಯಿದ್ದರೆ ನಾನೂ. ಸಂಜೆ ಮೊಗ್ಗನ್ನು ಉಗುರಿನಿಂದ ಬಿಡಿಸಿ ಒಳಗಿನ ಗಂಡು ಎಳೆಗಳನ್ನು ತೆಗೆದು, ಗುರುತಿಗೆ ಕೆಂಪು ಕಾಗದ ತೊಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವನ್ನು ತಂದು ಅದಕ್ಕೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ದಾರವಿರುವ ಕಾಯಿ ಮಾತ್ರ ಬೀಜಕ್ಕೆ. ಸಂಜೆ ಕಣ್ಣು ತಪ್ಪಿಸಿಕೊಂಡು ತಾನಾಗಿ ಅರಳಿದ ಹೂವು ಸಿಕ್ಕರೆ ಕಿತ್ತು ಎಸೆಯಬೇಕು, ಅದು ಸೇರಿದರೆ ಬೀಜ ಬೆರಕೆ. ಒಂದು ಸಾಲು ಹಿಡಿದರೆ ಮುಗಿಯುವ ತನಕ ಬಿಡುವಂತಿಲ್ಲ.

ಹೀಗಿದ್ದರೂ ಆ ಬೆಳಗುಗಳನ್ನು ಮರೆತಿಲ್ಲ. ಇಬ್ಬನಿಗೆ ತೊಯ್ದ ಲಂಗ, ಬುತ್ತಿಯ ರೊಟ್ಟಿ, ಕೆಂಪು ಚಟ್ನಿ, ಹೂವಿನ ಪುಡಿ ಹತ್ತಿ ಹಳದಿಯಾದ ಬೆರಳು. ಪಕ್ಕದ ಸಾಲಿನಲ್ಲಿ ಅವ್ವನ ಗೆಳತಿ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯಾಗಿ ಬಂದವರು. ಕೈ ಹೂವಿನ ಮೇಲೆ, ಬಾಯಿ ಅತ್ತೆಯರ ಮೇಲೆ. ನಗು ತಡೆಯಲಾರದೆ ಅವ್ವ ಎಷ್ಟೋ ಸಲ ಸಾಲಿನಲ್ಲೇ ಕುಕ್ಕರಿಸಿಬಿಡುತ್ತಿದ್ದಳು. ನಾನು ಓದಿಗೆಂದು ಗುತ್ತಲದ ಚಿಕ್ಕಮ್ಮನ ಮನೆ ಸೇರಿದ ಮೇಲೆ ಯಾವಾಗಲೋ ಅವರಿಬ್ಬರ ಮಾತು ನಿಂತಿತು. ದೊಡ್ಡವರ ಜಗಳ, ನಾನು ಕೇಳಲಿಲ್ಲ. ಅವ್ವ ಹಾಗೆ ನಕ್ಕದ್ದನ್ನು ಮತ್ತೆ ನೋಡಲಿಲ್ಲ ಅನ್ನುವುದು ಮಾತ್ರ ಗೊತ್ತು.

ಈಗ ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ನಾನು ಆಡುವುದನ್ನು ಕಂಡು ಎರಡು ಭಾನುವಾರ ಮೂಗು ಮುರಿದಳು. ಮೂರನೆಯ ಭಾನುವಾರ, ಆಟದಲ್ಲಿ ಹೂವಿನ ಬಯಲು ಬಂದಾಗ, "ತಾ ಇಲ್ಲೆ" ಎಂದು ಕಂಟ್ರೋಲರ್ ಕಸಿದುಕೊಂಡಳು.

ಕಾಲುದಾರಿ ಗುಡ್ಡದ ಕಡೆ ಕರೆಯುತ್ತಿದ್ದರೆ ಅವ್ವ ಬಯಲಿನ ಒಂದು ಮೂಲೆ ಹಿಡಿದಳು. ಈ ತುದಿಯಿಂದ ಆ ತುದಿಗೆ ಹೋದಳು, ಒಂದು ಮಾರು ಸರಿದಳು, ಆ ತುದಿಯಿಂದ ಈ ತುದಿಗೆ ಬಂದಳು. ಅರ್ಧ ತಾಸಾದರೂ ಕಥೆ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ನನಗೆ ನಗು.

"ಅವ್ವಾ, ಗುಡಿಸಲ ಆ ಕಡೆ ಐತಿ. ಇಲ್ಲೇನೂ ಸಿಗಂಗಿಲ್ಲ."

"ಹಿಡಿದ ಸಾಲು ಬಿಟ್ಟು ಹೆಂಗ ಹೋಗ್ಲಿ?" ಎಂದಳು. ತೆರೆಯಿಂದ ಕಣ್ಣು ಕೀಳದೆ ಗೆಳತಿಯ ಮಾತು ತೆಗೆದಳು. "ಆಕಿ ಕೈ ತಪ್ಪಿದ್ದಕ್ಕ ಅಲ್ಲೇನು ನಮ್ಮ ಪ್ಲಾಟ್ ಫೇಲ್ ಆಗಿದ್ದು? ಕಣ್ಣು ಮಂದ ಆಗ್ಯಾವ ಅಂತ ತಾನ ಅಂತಿದ್ಲು. ಕಿತ್ತು ಒಗಿಯೂ ಹೂವಿಗೆ ದಾರ ಕಟ್ಟಿದ್ಲು. ಮಂದಿ ಮುಂದ ಅಂದಬಿಟ್ಟೆ, ಇದು ನಿನ್ನ ಕೈಯಿಂದಾನ ಆಗಿದ್ದು ಅಂತ. ಅವತ್ತ ಮಾತು ಬಿಟ್ವಿ."

ಆ ದಾರ ಕಟ್ಟಿದವಳು ನಾನು.

ಹನ್ನೊಂದು ವರ್ಷ ನನಗೆ ಆಗ. ಆ ವಾರ ಹೊಲದಾಚೆಯ ಬಯಲಿಗೆ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಬರುತ್ತಿತ್ತು. ಕರಿಬೆನ್ನಿನ ಗಂಡು ಚಿಗರಿ ಜಿಗಿಯುವುದನ್ನು ನೋಡುವ ಹುಚ್ಚು ನನಗೆ. ಅವ್ವ ಕೊಟ್ಟ ದಾರದ ಕಟ್ಟು ಖಾಲಿಯಾದರೆ ಬಿಡುಗಡೆ. ಕೆಂಪು ಕಾಗದ ಹುಡುಕುತ್ತ ಕೂರುವವರು ಯಾರು? ಅರಳಿದ್ದು ಕಂಡಲ್ಲೆಲ್ಲ ದಾರ ಕಟ್ಟಿ ಓಡುತ್ತಿದ್ದೆ. ಅವ್ವನ ಸಾಲಿನಲ್ಲೇ ಕಟ್ಟಿದರೆ ಸಿಕ್ಕಿಬೀಳುತ್ತೇನೆಂದು ಪಕ್ಕದ ಸಾಲಿಗೂ ನುಸುಳಿದ್ದೆ. ಕಂಪನಿಯವರು ಬೀಜ ಬಿತ್ತಿ ನೋಡಿದಾಗ ಬೆರಕೆ ಕಂಡು ಪ್ಲಾಟು ಫೇಲಾದ ಸುದ್ದಿ ಗುತ್ತಲಕ್ಕೂ ಬಂದಿತ್ತು. ಹೆದರಿ ಬಾಯಿ ಮುಚ್ಚಿಕೊಂಡೆ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದಾರೆಂದು ಮಾತ್ರ ಈ ಭಾನುವಾರದ ತನಕ ತಿಳಿದಿರಲಿಲ್ಲ.

ಆಟದಲ್ಲಿ ಸತ್ಯ ಚೀಟಿಯಲ್ಲಿ ಸಿಗುತ್ತದೆ. ಬರೆದವರು ಎಂದೋ ಹೋಗಿರುತ್ತಾರೆ, ತಪ್ಪು ಮಾಡಿದವರ ಮುಖ ನೋಡಬೇಕಿಲ್ಲ, ಕಣಿವೆ ತಣ್ಣಗಿರುತ್ತದೆ. ಅದಕ್ಕೇ ಅಷ್ಟು ಹಿತ ಆ ಆಟ. ಇಲ್ಲಿ ಅವ್ವ ಪಕ್ಕದಲ್ಲೇ ಕೂತಿದ್ದಳು. ಸುಮ್ಮನಿದ್ದುಬಿಡೋಣ ಎಂದು ನಿಜವಾಗಿ ಅನ್ನಿಸಿತು. ಆದರೂ ಹೇಳಿದೆ, ಒಂದೂ ಬಿಡದೆ.

ಅವ್ವ ಕಂಟ್ರೋಲರನ್ನು ನೆಲಕ್ಕಿಟ್ಟು ಒಳಗೆ ಹೋದಳು. ಮೂರನೆಯ ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ಆಕಿ ಬ್ಯಾಡಗಿಯೊಳಗ ಮಗನ ಮನ್ಯಾಗ ಅದಾಳಂತ. ನಡಿ. ನೀನ ಹೇಳಬೇಕು."

ಬ್ಯಾಡಗಿಯಲ್ಲಿ ಬಸ್ಸಿಳಿದಾಗ ಮೆಣಸಿನಕಾಯಿಯ ಘಾಟಿಗೆ ಇಬ್ಬರಿಗೂ ಸೀನು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಕೇಳುತ್ತ ಕೇಳುತ್ತ ಮನೆ ಮುಟ್ಟಿದೆವು. ಗೆಳತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ದಪ್ಪ ಕನ್ನಡಕ. "ಯಾರು?" ಎಂದಳು. ಅವ್ವ ತನ್ನ ಹೆಸರು ಹೇಳಿದಳು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ, ಬೈಯಲಿ ಎಂದು ತಲೆ ತಗ್ಗಿಸಿದೆ.

ಆಕೆ ಬೈಯಲಿಲ್ಲ. ತನ್ನ ಎರಡೂ ಅಂಗೈ ತಿರುವಿ ತಿರುವಿ ನೋಡಿಕೊಂಡಳು.

"ಹಂಗಾರ ನನ್ನ ಕೈ ತಪ್ಪಿರಲಿಲ್ಲೇನು?"

"ಇಲ್ರಿ."

"ಖರೇ?"

"ಖರೇರಿ. ನಾನ ಕಟ್ಟಿದ್ದು."

"ನಾನೂ ಹಂಗ ತಿಳಿದಿದ್ನಲ್ಲ. ನಿಮ್ಮವ್ವ ಅಂದಮ್ಯಾಲ ನಂದ ತಪ್ಪಿರಬೇಕು ಅಂತ. ಅವತ್ತಿಂದ ಪ್ಲಾಟಿಗೆ ಕಾಲ ಇಡಲಿಲ್ಲ ನಾ. ಯಾರು ಕರದ್ರೂ ನನ್ನ ಕಣ್ಣು ಬರೋಬ್ಬರಿ ಇಲ್ಲ, ಕೆಲಸ ಕೆಡಸ್ತೇನಿ ಅಂತಿದ್ದೆ." ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದಳು. "ಏ, ಲಗೂ ಬಾ ಇಲ್ಲೆ. ಇದನ್ನ ನೀನೂ ಕೇಳು."

ಸೊಸೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಹೇಳವ್ವಾ," ಎಂದಳು ಆಕೆ ನನಗೆ. "ನನ್ನ ಸೊಸಿ ಮುಂದ ಇನ್ನೊಮ್ಮೆ ಹೇಳು."